ಚಿಪ್ ಮಾರುತ್ತಾರೆ, ಅದರ ಕಾಗದ ಯಾಕೆ ಕೊಡುವುದಿಲ್ಲ?

ಮಾನ್ಯ ಸಂಪಾದಕರೇ,

ನಮ್ಮ ದೇಶದಲ್ಲೇ ಚಿಪ್ ತಯಾರಾಗುವ ಸುದ್ದಿ ಈಗ ಪತ್ರಿಕೆ ಬಿಡಿಸಿದರೆ ಸಾಕು, ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಯೋಜನೆಗೆ 76,000 ಕೋಟಿ ರೂಪಾಯಿ ಎತ್ತಿಟ್ಟಿತು. ಗುಜರಾತಿನ ಸಾಣಂದ್, ಧೊಲೇರಾ ಅನ್ನುವ ಊರುಗಳ ಹೆಸರು ಮಲೆನಾಡಿನ ನಮಗೂ ಬಾಯಿಪಾಠವಾಗಿದೆ. ಸಂತೋಷವೇ. ಆದರೆ ಚಿಪ್ ತಯಾರಾಗಿ ಅಂಗಡಿಗೆ ಬಂದ ಮೇಲೆ, ಅದನ್ನು ಕೊಂಡವನಿಗೆ ಅದರ ಪೂರ್ತಿ ವಿವರದ ಹಾಳೆ ಸಿಗುತ್ತದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅದರ ಬಗ್ಗೆ ಬರೆಯುತ್ತಿದ್ದೇನೆ. ಉದ್ದವಾದರೆ ಕತ್ತರಿ ಹಾಕಿಕೊಳ್ಳಿ, ಬೇಜಾರಿಲ್ಲ.

ನಾನು ಸಿದ್ದಾಪುರ ತಾಲ್ಲೂಕಿನ ಅಡಿಕೆ ಬೆಳೆಗಾರ. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಹೊಟ್ಟೆಪಾಡು ತೋಟದ್ದು. ಸಂಜೆ ಹೊತ್ತು, ಮಳೆಗಾಲದಲ್ಲಂತೂ ಹಗಲೂ, ಆಂಪ್ಲಿಫೈಯರ್ ಕಟ್ಟುವುದು ನನ್ನ ಹುಚ್ಚು. ಊರಿನ ತಾಳಮದ್ದಳೆಗೆ, ಶಾಲೆಯ ಪ್ರಾರ್ಥನೆಗೆ, ಗಣಪತಿ ಹಬ್ಬಕ್ಕೆ ನಾನು ಕಟ್ಟಿದ ಸೆಟ್ಟುಗಳೇ ಓಡುತ್ತವೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಸಾಮಾನಿನ ಖರ್ಚು ಕೊಟ್ಟರೆ ಆಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ, ಲೈನಿನ ಮೇಲೆ ಬಿದ್ದ ಮರ ಕಡಿದು ತೆಗೆದ ಮೇಲೆಯೇ ಬರುವುದು. ಹಾಗಾಗಿ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸೆಟ್ಟಿಗೇ ಬೇಡಿಕೆ. ತಾಳಮದ್ದಳೆಗೆ ಎದೆ ನಡುಗಿಸುವ ಸದ್ದು ಬೇಡ. ಅರ್ಥಧಾರಿಯ ಮಾತು ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಒಡೆಯದೆ ಕೇಳಬೇಕು, ಮದ್ದಳೆಯ ಪೆಟ್ಟು ಮಸುಕಾಗಬಾರದು. ಅದಕ್ಕೆ 20 ವ್ಯಾಟ್ ಧಾರಾಳವಾಗಿ ಸಾಕು, ಐಸಿ (ಚಿಪ್‌ಗೆ ನಾವು ಹೇಳುವ ಹೆಸರು) ಒಳ್ಳೆಯದಿದ್ದರೆ ಮತ್ತು ಅದನ್ನು ಹೇಗೆ ಕೂರಿಸಬೇಕೆಂದು ಗೊತ್ತಿದ್ದರೆ.

ಗೊತ್ತಾಗುವುದು ಡೇಟಾಶೀಟ್‌ನಿಂದ, ಅಂದರೆ ತಯಾರಿಸಿದವರೇ ಬರೆದ ಆ ವಿವರದ ಹಾಳೆಯಿಂದ. ಈ ಕೆಲಸ ಮಾಡದವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಟಿಡಿಎ 2003 ಮತ್ತು ಟಿಡಿಎ 2030 ಎಂಬ ಎರಡು ಐಸಿಗಳಿವೆ. ಎರಡಕ್ಕೂ ಐದೈದು ಕಾಲು, ಬೆನ್ನಿಗೆ ತೂತಿರುವ ಲೋಹದ ಪಟ್ಟಿ. ಪಕ್ಕಪಕ್ಕ ಇಟ್ಟರೆ ಮೇಲಿನ ನಂಬರು ಓದದೆ ಗುರುತು ಹಿಡಿಯಲಾಗದು. 2003ರ ಬೆನ್ನು ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿಗೆ, ಸೇರಿದೆ. ಅದನ್ನು ಹೀಟ್‌ಸಿಂಕಿಗೆ (ಶಾಖ ಹೊರಬಿಡುವ ಲೋಹದ ತುಂಡಿಗೆ), ಹೀಟ್‌ಸಿಂಕನ್ನು ಕಬ್ಬಿಣದ ಪೆಟ್ಟಿಗೆಗೆ ನೇರವಾಗಿ ಬಿಗಿದರೂ ಏನೂ ಆಗುವುದಿಲ್ಲ. 2030ರ ಬೆನ್ನು ಮೈನಸ್ ಸಪ್ಲೈಗೆ ಸೇರಿದೆ. ಪ್ಲಸ್-ಮೈನಸ್ ಎರಡೂ ಇರುವ ಪವರ್ ಸಪ್ಲೈ ಕೊಟ್ಟು, ನಡುವೆ ಕರೆಂಟು ತಡೆಯುವ ಮೈಕಾ ವಾಷರ್ ಹಾಕದೆ, ಗ್ರೌಂಡಿಗೆ ಸೇರಿದ ಪೆಟ್ಟಿಗೆಗೆ ಬಿಗಿದರೆ ನೇರ ಶಾರ್ಟ್. ಫ್ಯೂಸ್ ಹೋದರೆ ಪುಣ್ಯ, ಟ್ರಾನ್ಸ್‌ಫಾರ್ಮರ್ ಹೋದರೆ ಸಾವಿರ ರೂಪಾಯಿ. 100 ವ್ಯಾಟಿನ ಟಿಡಿಎ 7294ರಲ್ಲೂ ಹೀಗೆಯೇ, ಬೆನ್ನು ಮೈನಸ್. ಇದು ಐಸಿಯ ಮೈಮೇಲೆ ಬರೆದಿರುವುದಿಲ್ಲ. ಹಾಳೆಯಲ್ಲಿ ಒಂದೇ ಸಾಲಿನಲ್ಲಿರುತ್ತದೆ.

ಅಥವಾ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಮಾಡಿದ ಎಲ್‌ಎಂ 3886 ನೋಡಿ. ಪ್ಲಸ್-ಮೈನಸ್ 28 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ 68 ವ್ಯಾಟ್ ಕೊಡುವ ಐಸಿ. ಮನೆಯಲ್ಲಿ ಕಟ್ಟುವವರ ಪಾಲಿಗೆ ಬಂಗಾರ. ಅದರ ಗೇನ್ (ಒಳಬಂದ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ) 10ಕ್ಕಿಂತ ಕಡಿಮೆ ಇಟ್ಟರೆ ಅದು ತನ್ನಷ್ಟಕ್ಕೇ ಕೂಗತೊಡಗುತ್ತದೆ. ಎಷ್ಟೋ ಸಲ ಆ ಕೂಗು ನಮ್ಮ ಕಿವಿಗೆ ಕೇಳುವುದೂ ಇಲ್ಲ, ಐಸಿ ಮಾತ್ರ ಸುಡುತ್ತಿರುತ್ತದೆ. ಅದರ ಹಾಳೆಯಲ್ಲಿ ಗೇನ್ ಎಷ್ಟಿರಬೇಕು, ಔಟ್‌ಪುಟ್‌ಗೆ ಯಾವ ರೆಸಿಸ್ಟರ್ ಮತ್ತು ಕೆಪಾಸಿಟರ್ ಕಟ್ಟಬೇಕು, ಹೀಟ್‌ಸಿಂಕ್ ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕುವುದು ಹೇಗೆ, ಗ್ರೌಂಡ್ ತಂತಿಗಳನ್ನು ಎಲ್ಲಿ ಸೇರಿಸಬೇಕು ಎಂಬುದೆಲ್ಲ ಪಾಠ ಹೇಳಿದ ಹಾಗೆ ಬರೆದಿದ್ದಾರೆ. ಹೀಟ್‌ಸಿಂಕಿನ ಲೆಕ್ಕ ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಹಾಳೆಯಿಂದ. ಬರೆದ ಇಂಜಿನಿಯರು ಯಾರೋ, ಅವರಿಗೊಂದು ನಮಸ್ಕಾರ.

ಇಂಥ ಹಾಳೆಗಳು ಹಿಂದೆ ದಪ್ಪ ಡೇಟಾ ಬುಕ್‌ಗಳಾಗಿ ಬರುತ್ತಿದ್ದವು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಪಾಟು ತುಂಬ ಇದ್ದವು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಐಸಿ ಕೊಂಡರೆ, ಅಂಗಡಿಯವರು ಮೇಜಿನ ಕೆಳಗಿನಿಂದ ಡೇಟಾ ಬುಕ್ ತೆಗೆದು, ಬೇಕಾದ ಪುಟವನ್ನು ಪಕ್ಕದಲ್ಲೇ ಜೆರಾಕ್ಸ್ ಮಾಡಿಸಿ ಕೊಡುತ್ತಿದ್ದರು. ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅಂತ ಮೈಮೇಲೆ ಬರೆದ, ನಮ್ಮ ಜಾಲಹಳ್ಳಿಯದೇ ಟ್ರಾನ್ಸಿಸ್ಟರುಗಳು ಆಗ ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದವು. ಎಸ್‌ಎಲ್ 100, ಎಸ್‌ಕೆ 100 ಜೋಡಿ ಮುಟ್ಟದ ಡಿಪ್ಲೊಮಾ ಹುಡುಗ ಇದ್ದನೇ? ಹಳೆಯ ಕಾಲವೇ ಚೆಂದ ಅಂತ ಹಾಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆಗ ಒಂದು ಐಸಿಗಾಗಿ ರಾತ್ರಿ ಬಸ್ಸು ಹತ್ತಬೇಕಿತ್ತು, ಈಗ ಮನೆ ಬಾಗಿಲಿಗೆ ಬರುತ್ತದೆ. ಆದರೆ ಸಾಮಾನು ಸಿಗುವುದು ಸುಲಭವಾದಷ್ಟೂ ಅದರ ವಿವರ ಸಿಗುವುದು ಕಷ್ಟವಾಗಿದೆ. ವಿಚಿತ್ರ ಅಲ್ವಾ?

ಕಷ್ಟದಲ್ಲೂ ಎರಡು ಬಗೆ. ಒಂದು, ಹಳೆಯ ಐಸಿಗಳದ್ದು.

ನಮ್ಮ ದೇಶದ ಗಲ್ಲಿಗಲ್ಲಿಯಲ್ಲಿ ಓಡುವ ಐಸಿ ಎಂದರೆ 4440. ಇದು ಜಪಾನಿನ ಸ್ಯಾನ್ಯೊ ಕಂಪನಿ ಕಾರಿನ ಟೇಪ್‌ರೆಕಾರ್ಡರಿಗೆಂದು ಮಾಡಿದ ಎಲ್‌ಎ 4440. ಮೂಲ ಹಾಳೆಯಲ್ಲಿ ಸ್ಪಷ್ಟವಾಗಿ ಹೇಳಿದೆ: 13.2 ವೋಲ್ಟಿನಲ್ಲಿ ಸ್ಟೀರಿಯೊ ಆದರೆ 6 ವ್ಯಾಟ್ ಎರಡು, ಎರಡನ್ನೂ ಒಂದೇ ಸ್ಪೀಕರಿಗೆ ಸೇರಿಸಿ ಬ್ರಿಜ್ ಕಟ್ಟಿದರೆ 19 ವ್ಯಾಟ್, ನಡೆಯುವಾಗ 18 ವೋಲ್ಟ್ ದಾಟಬಾರದು. ಅದೇ ಐಸಿ ಕೂರಿಸಿದ ಬೋರ್ಡುಗಳ ಮೇಲೆ 100 ವ್ಯಾಟ್, 200 ವ್ಯಾಟ್ ಅಂತ ಅಚ್ಚು ಹಾಕಿ ಮಾರುತ್ತಾರೆ. ಹಾಳೆ ನೋಡಿದವನು ನಕ್ಕು ಮುಂದೆ ಹೋಗುತ್ತಾನೆ. ನೋಡದ ಹುಡುಗ ಇಷ್ಟು ವ್ಯಾಟ್ ಇದೆಯಲ್ಲ ಅಂತ ದೊಡ್ಡ ಟ್ರಾನ್ಸ್‌ಫಾರ್ಮರ್ ತಂದು 24 ವೋಲ್ಟ್ ಕೊಡುತ್ತಾನೆ. ಹೊಗೆ ಬರುತ್ತದೆ. ಐಸಿಯೇ ಸರಿ ಇರಲಿಲ್ಲ ಅಂದುಕೊಂಡು ಇನ್ನೊಂದು ತರುತ್ತಾನೆ.

ಸ್ಯಾನ್ಯೊದ ಸೆಮಿಕಂಡಕ್ಟರ್ ವಿಭಾಗವನ್ನು 2011ರಲ್ಲಿ ಅಮೆರಿಕದ ಆನ್ ಸೆಮಿಕಂಡಕ್ಟರ್ ಕೊಂಡುಕೊಂಡಿತು. ಅದೇ ವರ್ಷ ನ್ಯಾಷನಲ್ ಸೆಮಿಕಂಡಕ್ಟರನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. ನ್ಯಾಷನಲ್‌ನ ಎಲ್‌ಎಂ ಐಸಿಗಳ ಹಾಳೆಗಳನ್ನು ಹೊಸ ಮಾಲೀಕರು ಉಳಿಸಿಕೊಂಡಿದ್ದಾರೆ, ಇವತ್ತಿಗೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಲ್ಲ ಐಸಿಗಳಿಗೂ ಆ ಅದೃಷ್ಟ ಇರುವುದಿಲ್ಲ. ಮಾಲೀಕರು ಬದಲಾದಾಗ, ತಯಾರಿಕೆ ನಿಂತಾಗ, ಮೊದಲು ಹೋಗುವುದು ಹಾಳೆ. ಸ್ಯಾನ್ಯೊದ ಎಸ್‌ಟಿಕೆ ಮಾಡ್ಯೂಲುಗಳನ್ನೇ ತೆಗೆದುಕೊಳ್ಳಿ. 4141ರಿಂದ 4191ರ ತನಕ, ಚಾನೆಲ್‌ಗೆ 25 ವ್ಯಾಟಿನಿಂದ 50 ವ್ಯಾಟಿನ ತನಕ, ಒಂದೇ ಬಗೆಯ ಕಪ್ಪು ಇಟ್ಟಿಗೆಗಳು. ಒಂದು ಕಾಲದ ಜಪಾನಿ ಸ್ಟೀರಿಯೊಗಳಲ್ಲೆಲ್ಲ ಇವೇ. ಈಗ ಇವುಗಳ ಹಾಳೆ ಬೇಕೆಂದರೆ ಯಾರೋ ಓರೆಯಾಗಿ ಸ್ಕ್ಯಾನ್ ಮಾಡಿದ ಪ್ರತಿಯೇ ಗತಿ. ಅದು ಇರುವ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಅಂತ ನಾಲ್ಕು ಹಸಿರು ಬಟನ್ ಇರುತ್ತವೆ, ಮೂರು ಜಾಹೀರಾತಿಗೆ ಹೋಗುತ್ತವೆ. ಸಿಕ್ಕಿದ ಪ್ರತಿಯಲ್ಲಿ ವೋಲ್ಟೇಜಿನ 3 ಯಾವುದು, 8 ಯಾವುದು ಅಂತ ಭೂತಗನ್ನಡಿ ಹಿಡಿಯಬೇಕು.

ಹಾಳೆ ಇಲ್ಲದಿದ್ದರೆ ಇನ್ನೊಂದು ಅನಾಹುತ ಇದೆ, ನಕಲಿ ಮಾಲು. ಹಳೆಯ ನಂಬರುಗಳಿಗೆ ಬೇಡಿಕೆ ಇರುವುದರಿಂದ ಬೇರೆ ಯಾವುದೋ ಐಸಿಯ ಮೈ ಉಜ್ಜಿ ಹೊಸ ನಂಬರು ಅಚ್ಚು ಹಾಕಿ ಮಾರುತ್ತಾರೆ. ಅಸಲಿಯೇ ಅಂತ ನೋಡಲು ನನ್ನ ಮೊದಲ ಪರೀಕ್ಷೆ ಸರಳ. ಇನ್‌ಪುಟ್ ಇಲ್ಲದೆ, ಸ್ಪೀಕರ್ ಇಲ್ಲದೆ, ಸಪ್ಲೈ ತಂತಿಗೆ ಮಲ್ಟಿಮೀಟರ್ ಹಾಕಿ ಸುಮ್ಮನೆ ಕುಳಿತಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ನೋಡುವುದು. ಎಲ್‌ಎಂ 3886 ಆದರೆ ಸುಮಾರು 50 ಮಿಲಿಆಂಪಿಯರ್, ಹೆಚ್ಚೆಂದರೆ 85. ಟಿಡಿಎ 7294 ಆದರೆ 30ರ ಆಸುಪಾಸು. ಅದಕ್ಕಿಂತ ತೀರಾ ಆಚೀಚೆ ಇದ್ದರೆ ಅದರ ಮೈಮೇಲಿನ ನಂಬರನ್ನು ನಂಬುವುದಿಲ್ಲ. ಈ ಅಂಕಿಗಳೂ ನನಗೆ ಸಿಕ್ಕಿದ್ದು ಹಾಳೆಯಿಂದಲೇ ತಾನೇ? ಅದನ್ನೇ ಮುಚ್ಚಿಟ್ಟರೆ ಅಸಲಿ ಕಂಪನಿಯ ಹೆಸರಲ್ಲಿ ನಕಲಿಯವನು ಆರಾಮಾಗಿ ವ್ಯಾಪಾರ ಮಾಡುತ್ತಾನೆ.

ಹಾಳೆ ಉಳಿದದ್ದರಿಂದ ಕಂಪನಿ ಹೋದರೂ ಐಸಿ ಉಳಿದ ಕಥೆಯೂ ಇದೆ. ಭಾರತ ಮೂಲದ ಆದ್ಯ ತ್ರಿಪಾಠಿ ಎಂಬವರು 1995ರಲ್ಲಿ ಅಮೆರಿಕದಲ್ಲಿ ಟ್ರೈಪಾತ್ ಎಂಬ ಕಂಪನಿ ಕಟ್ಟಿದರು. ಅವರ ಟಿಎ 2020, ಟಿಎ 2024 ಐಸಿಗಳು ಸಣ್ಣ ಸಪ್ಲೈಯಲ್ಲಿ, ಹೆಚ್ಚು ಬಿಸಿಯಾಗದೆ, ಬಹಳ ಚೆನ್ನಾಗಿ ನುಡಿಯುತ್ತಿದ್ದವು. ಕಂಪನಿ 2007ರಲ್ಲಿ ದಿವಾಳಿ ಎದ್ದಿತು. ಆದರೆ ಪೂರ್ತಿ ಸರ್ಕ್ಯೂಟ್ ಸಮೇತ ಹಾಳೆಗಳು ಹೊರಗೆ ಬಂದಿದ್ದವಲ್ಲ, ಇವತ್ತಿಗೂ ಕಟ್ಟುವವರು ಕಟ್ಟುತ್ತಿದ್ದಾರೆ, ಕೆಟ್ಟದ್ದನ್ನು ರಿಪೇರಿ ಮಾಡುವವರೂ ಇದ್ದಾರೆ.

ಎರಡನೆಯ ಬಗೆಯ ಕಷ್ಟಕ್ಕೆ ಬರುತ್ತೇನೆ. ಈ ಪತ್ರ ಬರೆಸಿದ್ದು ಅದೇ. ಹಳೆಯದರ ಹಾಳೆ ಕಳೆದುಹೋಗುತ್ತಿದೆ, ಸರಿ. ಹೊಸದರ ಹಾಳೆಯನ್ನು ಬೇಕೆಂದೇ ಬಚ್ಚಿಡುತ್ತಿದ್ದಾರೆ.

ಮೊಬೈಲ್, ಲ್ಯಾಪ್‌ಟಾಪ್, ಕೈಯಲ್ಲಿ ಹಿಡಿದು ಓಡಾಡುವ ಬ್ಲೂಟೂತ್ ಸ್ಪೀಕರ್ ಇವುಗಳಲ್ಲಿ ಈಗ ಸ್ಮಾರ್ಟ್ ಆಂಪ್ಲಿಫೈಯರ್ ಎಂಬ ಚಿಪ್ ಬರುತ್ತದೆ. ಕೆಲಸ ನಿಜಕ್ಕೂ ಜಾಣತನದ್ದು. ಪುಟ್ಟ ಸ್ಪೀಕರಿನಿಂದ ದೊಡ್ಡ ಸದ್ದು ತೆಗೆಯಬೇಕು, ಆದರೆ ಅದರ ಕಾಯಿಲ್, ಅಂದರೆ ಒಳಗಿನ ತಾಮ್ರದ ತಂತಿಯ ಸುರುಳಿ, ಸುಡಬಾರದು. ಅದಕ್ಕೆ ಆ ಚಿಪ್ ಸ್ಪೀಕರಿಗೆ ಹೋಗುವ ವೋಲ್ಟೇಜನ್ನೂ ಕರೆಂಟನ್ನೂ ಅಳೆಯುತ್ತಲೇ ಇರುತ್ತದೆ. ತಾಮ್ರದ ತಂತಿ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 25 ಡಿಗ್ರಿಯಲ್ಲಿ 4 ಓಮ್ ಇದ್ದ ಕಾಯಿಲ್ 100 ಡಿಗ್ರಿಯಲ್ಲಿ 5.2 ಓಮ್‌ನ ಹತ್ತಿರ ತೋರಿಸುತ್ತದೆ. ಅದನ್ನು ನೋಡಿಯೇ ಕಾಯಿಲ್ ಎಷ್ಟು ಕಾದಿದೆ ಅಂತ ಚಿಪ್ ತಿಳಿದುಕೊಂಡು ಸದ್ದು ತಗ್ಗಿಸುತ್ತದೆ. ಮೊದಲ ಸಲ ಓದಿದಾಗ ನಾನು ಬೆರಗಾಗಿದ್ದೆ.

ತೊಂದರೆ ಏನೆಂದರೆ, ಹಳೆಯ ಐಸಿಯ ಹಾಗೆ ಇದಕ್ಕೆ ಸಪ್ಲೈ ಕೊಟ್ಟು ಮೈಕ್ ಕಟ್ಟಿದರೆ ಮಾತಾಡುವುದಿಲ್ಲ. ಚಾಲೂ ಆದ ಕೂಡಲೇ ಎರಡು ತಂತಿಯ ಮೂಲಕ ಅದರ ಒಳಗಿನ ರಿಜಿಸ್ಟರುಗಳಿಗೆ (ಅದು ಹೇಗೆ ನಡೆಯಬೇಕೆಂದು ಹೇಳುವ ಪುಟ್ಟ ನೆನಪಿನ ಗೂಡುಗಳಿಗೆ) ಅಂಕಿಗಳನ್ನು ಬರೆಯಬೇಕು. ಯಾವ ರಿಜಿಸ್ಟರಿಗೆ ಯಾವ ಅಂಕಿ ಎಂದು ತಿಳಿಯದಿದ್ದರೆ ಅದು ಮೂಗ. ಆ ಪಟ್ಟಿ ಪೂರ್ತಿ ಡೇಟಾಶೀಟಿನಲ್ಲಿದೆ, ಮತ್ತು ಪೂರ್ತಿ ಡೇಟಾಶೀಟ್ ಹೊರಗೆ ಸಿಗುವುದಿಲ್ಲ. ಸಾರ್ವಜನಿಕರಿಗೆ ಅಂತ ಒಂದು ತುಂಡು ಹಾಳೆ ಇಟ್ಟಿರುತ್ತಾರೆ. ಅದರಲ್ಲಿ ಚಿಪ್ ಎಷ್ಟು ಅದ್ಭುತ ಎಂಬ ಹೊಗಳಿಕೆ, ಒಂದು ಡಬ್ಬಿಗಳ ಚಿತ್ರ, ಕಾಲುಗಳ ಹೆಸರು. ಅಷ್ಟೇ.

ನಮ್ಮೂರ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕೊಡಿಸಿದ್ದ ಒಂದು ಸ್ಪೀಕರ್ ಪೆಟ್ಟಿಗೆ ಹಾಳಾಗಿ ನನ್ನ ಮೇಜಿಗೆ ಬಂತು. ಬ್ಯಾಟರಿ ಚೆನ್ನಾಗಿತ್ತು, ಸ್ಪೀಕರುಗಳೂ ಚೆನ್ನಾಗಿದ್ದವು. ಹೋಗಿದ್ದು ಅದನ್ನು ನಡೆಸುವ ಮುಖ್ಯ ಬೋರ್ಡು. ಆಂಪ್ಲಿಫೈಯರ್ ಚಿಪ್ ಬದುಕಿತ್ತು, ಸಪ್ಲೈ ಸರಿಯಾಗಿ ತಲುಪುತ್ತಿತ್ತು. ಮುನ್ನೂರು ನಾನೂರು ರೂಪಾಯಿಯ ಒಂದು ಸಣ್ಣ ಮೈಕ್ರೊಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಕಟ್ಟಿ, ನಾಲ್ಕು ಅಂಕಿ ಬರೆದರೆ ಪೆಟ್ಟಿಗೆ ಮತ್ತೆ ಮಾತಾಡಬೇಕು. ಅಂಕಿ ಯಾವುದು? ತಯಾರಿಸಿದ ಕಂಪನಿಯ ವೆಬ್‌ಸೈಟಿನಲ್ಲಿ ಪೂರ್ತಿ ಹಾಳೆಗೆ ಅರ್ಜಿ ತುಂಬಿದೆ. ಕಂಪನಿಯ ಹೆಸರು ಏನು, ನಿಮ್ಮ ಹುದ್ದೆ ಯಾವುದು, ವರ್ಷಕ್ಕೆ ಎಷ್ಟು ಚಿಪ್ ಬೇಕು ಎಂಬ ಪ್ರಶ್ನೆಗಳು. ಆಯ್ಕೆ ಮಾಡಲು ಕೊಟ್ಟಿದ್ದ ಪಟ್ಟಿಯಲ್ಲಿ ತೀರಾ ಕಡಿಮೆ ಎಂದರೆ ಹತ್ತು ಸಾವಿರ. ನನ್ನದು ಜಿಮೇಲ್ ವಿಳಾಸ. ವೈಯಕ್ತಿಕ ಇಮೇಲ್ ನಡೆಯುವುದಿಲ್ಲ ಅಂತ ಅಲ್ಲೇ ಕೆಂಪು ಅಕ್ಷರ ಬಂತು. ಅವರ ಭಾರತದ ವಿತರಕರಿಗೆ ಬರೆದೆ. ಕಂಪನಿಯ ಲೆಟರ್‌ಹೆಡ್ ಕಳಿಸಿ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ ಅಂದರು. ಅಡಿಕೆ ಮಂಡಿಯ ಪಟ್ಟಿ ಬಿಟ್ಟರೆ ನನ್ನ ಹೆಸರು ಅಚ್ಚಾದ ಕಾಗದ ನನ್ನ ಬಳಿ ಯಾವುದೂ ಇಲ್ಲ. ಸಹಿ ಹಾಕಲು ನಾನು ತಯಾರಿದ್ದೆ. ಬಿಡಿ ವ್ಯಕ್ತಿಯ ಸಹಿ ಅವರಿಗೆ ಬೇಡ.

ಅಕ್ಕನ ಮಗ ಬೆಂಗಳೂರಿನಲ್ಲಿ ಇದೇ ಚಿಪ್ ಲೋಕದಲ್ಲಿ ಕೆಲಸ ಮಾಡುತ್ತಾನೆ. ಅವನನ್ನು ಕೇಳಿದೆ. "ಮಾವ, ಹಾಳೆ ನಮ್ಮ ಆಫೀಸಲ್ಲಿ ಇದೆ. ಆದರೆ ಕಳಿಸಿದರೆ ನನ್ನ ಕೆಲಸ ಹೋಗುತ್ತೆ. ಪ್ರತಿ ಪುಟದ ಮೇಲೂ ಇಳಿಸಿಕೊಂಡವರ ಹೆಸರು ಅಚ್ಚಾಗಿರುತ್ತೆ" ಅಂದ. ಅವನು ಹೇಳಿದ್ದು ಸರಿ. ಆಮೇಲೆ ನಾನೂ ಒತ್ತಾಯ ಮಾಡಲಿಲ್ಲ. ಆ ಸ್ಪೀಕರ್ ಪೆಟ್ಟಿಗೆಯಿಂದ ಚಿಪ್ ಇರುವ ಬೋರ್ಡನ್ನೇ ಕಿತ್ತು, ಬೇರೆ ಆಂಪ್ಲಿಫೈಯರ್ ಕೂರಿಸಿ ಶಾಲೆಗೆ ಕೊಟ್ಟೆ. ಪೆಟ್ಟಿಗೆ ಈಗ ಮಾತಾಡುತ್ತದೆ. ಸರಿ ಇದ್ದ ಚಿಪ್ ಮಾತ್ರ ಡಬ್ಬಿಯಲ್ಲಿ ಬಿದ್ದಿದೆ.

ಇಂಥ ಚಿಪ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್ ಎಂಬ ಮುಕ್ತ ಕಂಪ್ಯೂಟರ್ ವ್ಯವಸ್ಥೆಯ ಒಳಗೆ, ಚಿಪ್ ನಡೆಸುವ ಡ್ರೈವರ್ ಪ್ರೋಗ್ರಾಂ ಬರೆದು ಸೇರಿಸಿದ್ದಾರೆ. ಅದು ಎಲ್ಲರಿಗೂ ಮುಕ್ತವಾಗಿ ಓದಲು ಸಿಗುತ್ತದೆ. ಅದನ್ನು ಓದಿ ರಿಜಿಸ್ಟರುಗಳ ಅರ್ಥ ಬಿಡಿಸುವ ಸಾಹಸಿಗಳೂ ಇದ್ದಾರೆ. ಬಾಗಿಲಿಂದ ಕೊಡದ್ದನ್ನು ಕಿಟಕಿಯಿಂದ ಇಣುಕಿ ತಿಳಿದುಕೊಳ್ಳಬೇಕು. ಚೀನಾದ ಎಷ್ಟೋ ಸಣ್ಣ ಕಂಪನಿಗಳು ಇದಕ್ಕಿಂತ ವಾಸಿ. ಹಾಳೆ ಚೀನೀ ಭಾಷೆಯಲ್ಲಿರುತ್ತದೆ, ನಿಜ. ಮೊಬೈಲ್ ಕ್ಯಾಮೆರಾ ಹಿಡಿದು ಅರೆಬರೆ ಅನುವಾದ ಮಾಡಿಕೊಂಡರೆ, ಸರ್ಕ್ಯೂಟ್ ಚಿತ್ರ ನೋಡಿದರೆ, ಕೆಲಸ ನಡೆಯುತ್ತದೆ.

ಕಂಪನಿಗಳಿಗೆ ಅವರದೇ ಕಾರಣ ಇದೆ, ಇಲ್ಲ ಅನ್ನುವುದಿಲ್ಲ. ಎದುರಾಳಿ ನಕಲು ಮಾಡುತ್ತಾನೆ ಅನ್ನುತ್ತಾರೆ. ನಕಲು ಮಾಡುವವನು ಚಿಪ್ಪನ್ನೇ ಬಿಚ್ಚಿ ಒಳಗಿನ ಪದರ ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾನೆ, ಡೇಟಾಶೀಟ್ ನೋಡಿಕೊಂಡು ಚಿಪ್ ತಯಾರಿಸಲು ಯಾರಿಂದಲೂ ಆಗದು. ಸ್ಪೀಕರ್ ಕಾಯುವ ಲೆಕ್ಕಾಚಾರ ಅವರ ಗುಟ್ಟು, ಅದಕ್ಕೆ ಅವರು ವರ್ಷಗಟ್ಟಲೆ ದುಡಿದಿದ್ದಾರೆ, ಒಪ್ಪುತ್ತೇನೆ. ಆ ಗುಟ್ಟು ನನಗೆ ಬೇಡ. ಆ ಜಾಣತನವನ್ನೆಲ್ಲ ಬದಿಗಿಟ್ಟು ಸಾದಾ ಆಂಪ್ಲಿಫೈಯರ್ ಆಗಿ ನಡೆಯಲು ಯಾವ ಅಂಕಿ ಬರೆಯಬೇಕು, ಅಷ್ಟು ಹೇಳಿದರೆ ಸಾಕು. ಒಂದೊಂದು ಚಿಪ್ ಕೊಳ್ಳುವವರು ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾರೆ, ಅವರಿಗೆ ಉತ್ತರಿಸಲು ಜನ ಇಡಲಾಗದು ಎಂಬುದು ಇನ್ನೊಂದು ವಾದ. ಈ ವಾದ ನನಗೆ ಅರ್ಥವೇ ಆಗಿಲ್ಲ. ಹಾಳೆ ಕೊಟ್ಟರೆ ಪ್ರಶ್ನೆ ಕಡಿಮೆಯಾಗುತ್ತದೋ, ಜಾಸ್ತಿಯಾಗುತ್ತದೋ?

ತೆರೆದಿಟ್ಟವರು ನಷ್ಟ ಮಾಡಿಕೊಂಡಿಲ್ಲ ಎಂಬುದಕ್ಕೆ ಎಸ್‌ಪಿ ರೋಡಿನ ಯಾವ ಅಂಗಡಿಗೆ ಹೋದರೂ ಸಾಕ್ಷಿ ಸಿಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಎಂಬ ಕ್ಲಾಸ್-ಡಿ ಚಿಪ್ 21 ವೋಲ್ಟಿನಲ್ಲಿ 4 ಓಮ್‌ಗೆ 50 ವ್ಯಾಟ್ ಎರಡು ಚಾನೆಲ್ ಕೊಡುತ್ತದೆ. ಇದರ ತಮ್ಮ ಟಿಪಿಎ 3118. ಇಬ್ಬರಿಗೂ ಇರುವ ಎದ್ದು ಕಾಣುವ ವ್ಯತ್ಯಾಸ, ಶಾಖ ಬಿಡುವ ಲೋಹದ ಚೂರು ಒಂದಕ್ಕೆ ನೆತ್ತಿಯ ಮೇಲೆ, ಇನ್ನೊಂದಕ್ಕೆ ಹೊಟ್ಟೆಯ ಕೆಳಗೆ. ಒಂದಕ್ಕೆ ಮೇಲೆ ಹೀಟ್‌ಸಿಂಕ್ ಅಂಟಿಸಬೇಕು, ಇನ್ನೊಂದಕ್ಕೆ ಬೋರ್ಡಿನ ತಾಮ್ರವೇ ಹೀಟ್‌ಸಿಂಕ್. ಸೆಕೆಂಡಿಗೆ ನಾಲ್ಕು ಲಕ್ಷ ಸಲವೋ ಅದಕ್ಕೂ ಜಾಸ್ತಿಯೋ ಆನ್-ಆಫ್ ಆಗುವ ಚಿಪ್ ಇದು. ಕೆಪಾಸಿಟರ್ ಸ್ವಲ್ಪ ದೂರ ಇಟ್ಟರೂ ಪಕ್ಕದ ರೇಡಿಯೊದಲ್ಲೆಲ್ಲ ಗೊರಗೊರ. ಹಾಳೆಯಲ್ಲಿ ಎಲ್ಲಿ ಏನಿಡಬೇಕೆಂದು ಬೋರ್ಡಿನ ಚಿತ್ರ ಸಮೇತ ಕೊಟ್ಟಿದ್ದಾರೆ. ಅದಕ್ಕೇ ಜಗತ್ತಿನ ಸಣ್ಣಪುಟ್ಟ ಬೋರ್ಡು ತಯಾರಕರೆಲ್ಲ ಅದನ್ನೇ ಹಿಡಿದುಕೊಂಡಿದ್ದಾರೆ. ಈ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ, ನಮ್ಮವರೂ ಅಲ್ಲಿ ಕೂತು ಚಿಪ್ ವಿನ್ಯಾಸ ಮಾಡುತ್ತಿದ್ದಾರೆ. ಮ್ಯಾಕ್ಸಿಮ್ ಕಂಪನಿಯ ಮ್ಯಾಕ್ಸ್ 98357 ಎಂಬ 3 ವ್ಯಾಟಿನ ಪುಟ್ಟ ಚಿಪ್ ಇನ್ನೂ ಸಲೀಸು. ಅದಕ್ಕೆ ಯಾವ ರಿಜಿಸ್ಟರೂ ಬರೆಯಬೇಕಿಲ್ಲ. ಮಕ್ಕಳು ಕೂಡ ಒಂದು ಸಂಜೆಯಲ್ಲಿ ಕಟ್ಟಿಬಿಡುತ್ತಾರೆ.

ನಮ್ಮ ತೋಟಕ್ಕೆ ತರುವ ಕೀಟನಾಶಕದ ಡಬ್ಬಿಯ ಜೊತೆ ಸಣ್ಣ ಅಕ್ಷರದ, ಎಂಟಾಗಿ ಮಡಿಸಿದ ಒಂದು ಚೀಟಿ ಬರುತ್ತದೆ. ಎಷ್ಟು ನೀರಿಗೆ ಎಷ್ಟು, ಯಾವ ಬೆಳೆಗೆ, ಮೈಗೆ ತಾಗಿದರೆ ಏನು ಮಾಡಬೇಕು, ಎಲ್ಲ ಅದರಲ್ಲಿ. ಅದನ್ನು ಕಂಪನಿಯವರು ದಯೆಯಿಂದ ಹಾಕಿದ್ದಲ್ಲ. ಹಿಂದಿ, ಇಂಗ್ಲಿಷ್ ಜೊತೆಗೆ ಪ್ರಾದೇಶಿಕ ಭಾಷೆಯಲ್ಲೂ ಚೀಟಿ ಇರಲೇಬೇಕೆಂದು ಸರ್ಕಾರದ ನಿಯಮವಿದೆ. ಒಂದು ಲೀಟರ್ ಕೊಳ್ಳುವ ರೈತನಿಗೂ ಚೀಟಿ ಉಂಟು, ಲಾರಿಗಟ್ಟಲೆ ಕೊಳ್ಳುವವರಿಗೂ ಅದೇ ಚೀಟಿ. ವರ್ಷಕ್ಕೆ ಹತ್ತು ಸಾವಿರ ಡಬ್ಬಿ ಕೊಳ್ಳುತ್ತೀರಾ ಅಂತ ಕೇಳಿ ಚೀಟಿ ಕೊಡುವ ಪದ್ಧತಿ ಇಲ್ಲ. ಚಿಪ್‌ಗೆ ಮಾತ್ರ ಯಾಕೆ?

ಇನ್ನು ಸರ್ಕಾರಕ್ಕೆ ನನ್ನ ಕೋರಿಕೆ. ಚಿಪ್ ವಿನ್ಯಾಸ ಮಾಡುವ ದೇಶೀ ಕಂಪನಿಗಳಿಗೆ ಕೇಂದ್ರ 2021ರಲ್ಲಿ ಪ್ರೋತ್ಸಾಹಧನ ಯೋಜನೆ ತಂದಿತು. ಅರ್ಹ ಖರ್ಚಿನ ಅರ್ಧದವರೆಗೆ, ಒಂದು ಅರ್ಜಿಗೆ ಗರಿಷ್ಠ 15 ಕೋಟಿ ರೂಪಾಯಿ ವಾಪಸ್ ಕೊಡುವುದಾಗಿ ಅದರಲ್ಲಿ ಹೇಳಿತ್ತು. ಅದು ನಮ್ಮೆಲ್ಲರ ತೆರಿಗೆ ದುಡ್ಡು. ಹೀಗೆ ನೆರವು ಪಡೆದ ಚಿಪ್ ಮಾರುಕಟ್ಟೆಗೆ ಬಂದ ದಿನವೇ ಅದರ ಪೂರ್ತಿ ಡೇಟಾಶೀಟ್, ರಿಜಿಸ್ಟರ್ ಪಟ್ಟಿ ಸಮೇತ, ಯಾವ ಅರ್ಜಿಯೂ ಇಲ್ಲದೆ ಎಲ್ಲರಿಗೂ ಸಿಗಬೇಕು ಎಂದು ಷರತ್ತು ಹಾಕಲಿ. ತಯಾರಿಕೆ ನಿಂತ ಮೇಲೂ ಹಾಳೆ ಸಿಗುವಂತೆ ಒಂದು ಪ್ರತಿ ಸರ್ಕಾರದ ಬಳಿ ಇರಲಿ. ಬೇರೆ ದೇಶದ ಕಂಪನಿಗೆ ನಾವು ಹೀಗೆ ಹೇಳಲಾಗದು, ನಮ್ಮ ದುಡ್ಡು ತಿಂದವರಿಗಾದರೂ ಹೇಳಬಹುದಲ್ಲ. ಹಾಗೆ ನೋಡಿದರೆ ಇದರಿಂದ ಅವರಿಗೇ ಲಾಭ. ಹೊಸ ಚಿಪ್ಪನ್ನು ಮೊದಲು ಕೈಗೆತ್ತಿಕೊಂಡು, ನಾಲ್ಕು ಜನಕ್ಕೆ ಚೆನ್ನಾಗಿದೆ ಅಂತ ಹೇಳುವವರು ನಮ್ಮಂಥ ಹುಚ್ಚರೇ.

ರಿಪೇರಿ ಹಕ್ಕಿನ ವಿಷಯದಲ್ಲೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಅದೇ ವರ್ಷದ ಕೊನೆಯಲ್ಲಿ ಒಂದು ಪೋರ್ಟಲ್ ಶುರು ಮಾಡಿತು. ಮೊಬೈಲ್, ಗೃಹೋಪಯೋಗಿ ಸಾಮಾನು, ವಾಹನ, ಕೃಷಿ ಯಂತ್ರ ಎಲ್ಲ ಅದರಲ್ಲಿ ಬರುತ್ತವೆ. ಒಳ್ಳೆಯ ಕೆಲಸ. ಆದರೆ ರಿಪೇರಿ ಎಂದರೆ ಬೋರ್ಡನ್ನೇ ಬದಲಿಸುವುದು ಎಂಬ ಲೆಕ್ಕದಲ್ಲಿ ನಿಂತರೆ ಪ್ರಯೋಜನ ಕಡಿಮೆ. ಬೋರ್ಡಿನ ಬೆಲೆ ಹೊಸ ಸಾಮಾನಿನ ಮುಕ್ಕಾಲು ಪಾಲು ಇರುವಾಗ ಯಾರು ಬದಲಿಸುತ್ತಾರೆ? ಒಳಗಿನ ಚಿಪ್‌ಗಳ ಹಾಳೆಯನ್ನೂ ಅದೇ ಪೋರ್ಟಲ್‌ನಲ್ಲಿ ಹಾಕಿಸಬೇಕು.

ಇನ್ನೊಂದು ನಮ್ಮ ರಾಜ್ಯದ ಮಟ್ಟದಲ್ಲೇ ಆಗುವಂಥದ್ದು, ಕಾಸೂ ಹೆಚ್ಚು ಬೇಡ. ನಮ್ಮ ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಹಳೆಯ ಡೇಟಾ ಬುಕ್‌ಗಳು ಇನ್ನೂ ಇವೆ. ಪ್ರತಿ ವರ್ಷ ಹಳೆಯ ಸಾಮಾನು ವಿಲೇವಾರಿ ಮಾಡುವಾಗ ಇವು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಜಪಾನಿ ಐಸಿಗಳದ್ದು, ನಮ್ಮ ದೇಶದಲ್ಲೇ ತಯಾರಾಗಿ ನಿಂತುಹೋದ ಟ್ರಾನ್ಸಿಸ್ಟರುಗಳದ್ದು, ಒಮ್ಮೆ ಹೋದರೆ ಮತ್ತೆ ಎಲ್ಲಿಂದ ತರುವುದು? ತಾಂತ್ರಿಕ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ರದ್ದಿಗೆ ಹಾಕುವ ಮೊದಲು ವಿದ್ಯಾರ್ಥಿಗಳಿಂದ ಅವನ್ನು ಸ್ಕ್ಯಾನ್ ಮಾಡಿಸಿ ಇಡಲಿ. ಓರೆಯಾಗಿ ಅಲ್ಲ, ನೆಟ್ಟಗೆ.

ಓದುಗರಲ್ಲಿ ಯಾರಾದರೂ ಟಿವಿ, ರೇಡಿಯೊ ರಿಪೇರಿ ಅಂಗಡಿ ಮುಚ್ಚಿದವರಿದ್ದರೆ, ಅಟ್ಟದ ಮೇಲೆ ಇಂಥ ಪುಸ್ತಕ ಅಥವಾ ಜೆರಾಕ್ಸ್ ಕಟ್ಟು ಇದ್ದರೆ, ದಯವಿಟ್ಟು ಗುಜರಿಯವರಿಗೆ ಕೊಡಬೇಡಿ. ಎಸ್‌ಟಿಕೆ ಮತ್ತು ಎಲ್‌ಎ ಸರಣಿಯದ್ದು ನನಗೆ ತುರ್ತಾಗಿ ಬೇಕು. ನನ್ನ ವಿಳಾಸ ಪತ್ರಿಕೆಯ ಕಚೇರಿಗೆ ಕೊಟ್ಟಿದ್ದೇನೆ. ಕಳಿಸುವ ಖರ್ಚು ನನ್ನದು, ಸ್ಕ್ಯಾನ್ ಮಾಡಿ ಮೂಲ ಪ್ರತಿಯನ್ನು ವಾಪಸ್ ಕಳಿಸುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ,
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ